ಲಾಡ್ಜ್‌ನಲ್ಲಿ ಏನಾದರೂ ಬದಲಿಸುವ ಮೊದಲು

ಫ್ರೀಮೇಸನ್ ಎಂಬ ಸೋದರ ಸಂಘದ ಸ್ಥಳೀಯ ಘಟಕವೇ ಲಾಡ್ಜ್. ಅಲ್ಲಿ ಹೊಸದಾಗಿ ವರ್ಷಿಪ್‌ಫುಲ್ ಮಾಸ್ಟರ್, ಅಂದರೆ ಲಾಡ್ಜ್‌ನ ಮುಖ್ಯಸ್ಥ, ಆದವರಿಗೆ ಏನಾದರೂ ಹೊಸದು ಮಾಡಬೇಕು ಅನ್ನಿಸುವುದು ಸಹಜ. ನಾನೂ ಆ ಕುರ್ಚಿಯಲ್ಲಿ ಕೂತು ಇಳಿದವನು. ಈಗ ಕಾರ್ಯದರ್ಶಿಯಾಗಿ ಮಿನಿಟ್ಸ್ ಬರೆಯುತ್ತೇನೆ. ಹೊಸಬರ ಉತ್ಸಾಹ ನನಗೆ ಇಷ್ಟ. ಹಳಬರ ಆತಂಕವೂ ಅರ್ಥವಾಗುತ್ತದೆ. ಇಬ್ಬರಿಗೂ ಲಾಡ್ಜ್ ಉಳಿಯಬೇಕು, ಅಲ್ವಾ? ಹಾಗಾಗಿ ಯಾವುದಕ್ಕೇ ಕೈ ಹಾಕುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಇದನ್ನು ಬದಲಿಸುವ ಅಧಿಕಾರ ಯಾರಿಗಿದೆ?

ಪರಮಾತ್ಮನಲ್ಲಿ ನಂಬಿಕೆ, ತೆರೆದಿಟ್ಟ ಧರ್ಮಗ್ರಂಥ, ಅದರ ಮೇಲೆ ಸ್ಕ್ವೇರ್ (ಮೂಲೆಮಟ್ಟ) ಮತ್ತು ಕಂಪಾಸ್ (ಕೈವಾರ), ಲಾಡ್ಜ್ ಒಳಗೆ ಧರ್ಮ-ರಾಜಕೀಯದ ವಾದ ಬೇಡ ಎಂಬ ಕಟ್ಟುಪಾಡು. ಇವಕ್ಕೆಲ್ಲ ಯಾವ ಒಂದು ಲಾಡ್ಜೂ ಕೈ ಹಚ್ಚುವ ಹಾಗಿಲ್ಲ. 1877ರಲ್ಲಿ ಫ್ರಾನ್ಸಿನ ಲಾಡ್ಜ್‌ಗಳ ಮೇಲಿನ ಸಂಸ್ಥೆಯಾದ ಗ್ರ್ಯಾಂಡ್ ಓರಿಯಂಟ್ ಪರಮಾತ್ಮನಲ್ಲಿ ನಂಬಿಕೆಯ ಷರತ್ತನ್ನೇ ಕೈಬಿಟ್ಟಿತು. ಇಂಗ್ಲೆಂಡಿನ ಗ್ರ್ಯಾಂಡ್ ಲಾಡ್ಜ್ (ಅಲ್ಲಿನ ಲಾಡ್ಜ್‌ಗಳ ಮೇಲಿನ ಸಂಸ್ಥೆ) ಜೊತೆಗಿನ ನಂಟು ಅಲ್ಲಿಗೆ ಮುರಿಯಿತು. ಇವತ್ತಿಗೂ ಅದು ಕೂಡಿಲ್ಲ. ಆದರೆ ಗ್ರಂಥ ಇರಲೇಬೇಕು ಎನ್ನುವ ಅದೇ ನಿಯಮದೊಳಗೆ ಎಷ್ಟು ಜಾಗ ಇದೆ ನೋಡಿ. ಬೇರೆ ಬೇರೆ ಧರ್ಮದವರು ಇರುವ ಲಾಡ್ಜ್‌ಗಳಲ್ಲಿ ನಾಲ್ಕೈದು ಗ್ರಂಥಗಳನ್ನು ಒಟ್ಟಿಗೇ ತೆರೆದಿಡುತ್ತಾರೆ. ಪ್ರತಿಯೊಬ್ಬನೂ ತನ್ನ ಗ್ರಂಥ ಮುಟ್ಟಿ ಪ್ರಮಾಣ ಮಾಡುತ್ತಾನೆ.

ರಿಚುಯಲ್‌ನ, ಅಂದರೆ ಸಮಾರಂಭದ ವಿಧಿಯ, ಮಾತುಗಳು ಗ್ರ್ಯಾಂಡ್ ಲಾಡ್ಜ್ ಅಧೀನದಲ್ಲಿ ಇರುತ್ತವೆ. ಚಂದಾ, ಸಭೆಯ ದಿನ, ಜಾಗ ಇವೆಲ್ಲ ಬೈಲಾ ವಿಷಯ: ಮೊದಲು ನೋಟಿಸ್, ಆಮೇಲೆ ಮತ, ಕೊನೆಗೆ ಮೇಲಿನವರ ಒಪ್ಪಿಗೆ. ಉಳಿದದ್ದು ಸುಮ್ನೆ ರೂಢಿ. ತೊಂದರೆ ಆಗುವುದು ಇಲ್ಲೇ. ರೂಢಿಯನ್ನೂ ಜನ ಲ್ಯಾಂಡ್‌ಮಾರ್ಕ್ (ಯಾರೂ ಬದಲಿಸಲಾಗದ ಮೂಲ ಕಟ್ಟುಪಾಡು) ಅಂತಲೇ ಕಾಯುತ್ತಾರೆ.

ನಮ್ಮಲ್ಲಿ ಹಿಂದಿನ ಸಭೆಯ ಮಿನಿಟ್ಸನ್ನು ಪೂರ್ತಿ ಗಟ್ಟಿಯಾಗಿ ಓದುತ್ತಿದ್ದೆವು. ದೂರದಿಂದ ಬಂದ ಹುಡುಗರು ಗಡಿಯಾರ ನೋಡುತ್ತಿದ್ದರು. ಇದನ್ನು ನಿಲ್ಲಿಸೋಣ ಎಂದಾಗ ಹಿರಿಯರೊಬ್ಬರು, 'ಮೊದಲಿಂದಲೂ ಹೀಗೇ ಇದೆ' ಅಂದರು. ಬೈಲಾ ತೆಗೆದು ಅವರ ಪಕ್ಕದಲ್ಲೇ ಕೂತು ಓದಿದೆವು. ಮಿನಿಟ್ಸಿಗೆ ಸಭೆಯ ಒಪ್ಪಿಗೆ ಬೇಕು ಎಂದಷ್ಟೇ ಇತ್ತು. ಈಗ ಒಂದು ವಾರ ಮೊದಲೇ ಎಲ್ಲರಿಗೂ ಕಳಿಸುತ್ತೇವೆ. ಸಭೆಯಲ್ಲಿ ಕೈ ಎತ್ತಿ ಒಪ್ಪುತ್ತೇವೆ, ಮಾಸ್ಟರ್ ಸಹಿ ಹಾಕುತ್ತಾರೆ. ಉಳಿದ ಸಮಯದಲ್ಲಿ ಟ್ರೇಸಿಂಗ್ ಬೋರ್ಡ್ (ಲಾಡ್ಜ್‌ನ ಸಂಕೇತಗಳನ್ನು ಬಿಡಿಸಿದ ಚಿತ್ರಫಲಕ) ಬಗ್ಗೆ ಮಾತಾಡುವವರು ಆ ಹಿರಿಯರೇ. ಪುಸ್ತಕ ತೆಗೆದು ತೋರಿಸದೆ ಬರೀ ವಾದ ಮಾಡಿದ್ದರೆ ಇಬ್ಬರಲ್ಲಿ ಒಬ್ಬರು ಸಭೆಗೆ ಬರುವುದನ್ನೇ ಬಿಡುತ್ತಿದ್ದರು.

'ರಿಚುಯಲ್ ಯಾವತ್ತೂ ಬದಲಾಗಿಲ್ಲ' ಎನ್ನುವವರಿಗೆ ಇತಿಹಾಸ ಹೇಳಿ, ಆದರೆ ಮೆಲ್ಲಗೆ. ಇಂಗ್ಲೆಂಡಿನಲ್ಲಿ ಎರಡು ಗ್ರ್ಯಾಂಡ್ ಲಾಡ್ಜ್‌ಗಳು ಅರವತ್ತು ವರ್ಷ ಕಿತ್ತಾಡಿದವು. 1813ರಲ್ಲಿ ಒಂದಾದಾಗ ಎರಡೂ ಕಡೆಯವರನ್ನು ಕೂರಿಸಿ, ಎಲ್ಲರೂ ಒಪ್ಪುವ ರಿಚುಯಲ್ ರೂಪಿಸಬೇಕಾಯಿತು. ಅದಕ್ಕೆ ಒಪ್ಪಿಗೆ ಸಿಕ್ಕಿದ್ದು 1816ರಲ್ಲಿ. ಇನ್ನು 1986ರ ತೀರ್ಮಾನ ನನಗೆ ಬಹಳ ಇಷ್ಟ. ಹಳೆಯ ಪ್ರಮಾಣವಚನದಲ್ಲಿ, ಮಾತು ತಪ್ಪಿದರೆ ದೇಹಕ್ಕೆ ಇಂಥ ಶಿಕ್ಷೆ ಅಂತ ಭಯಂಕರವಾದ ಸಾಲುಗಳಿದ್ದವು. ಯಾರೂ ಅದನ್ನು ನಿಜವಾಗಿ ಮಾಡುತ್ತಿರಲಿಲ್ಲ. ಆದರೆ ಧರ್ಮಗ್ರಂಥ ಮುಟ್ಟಿ ಹೇಳುವ ಮಾತು ಅದು. ಇಂಗ್ಲೆಂಡಿನ ಗ್ರ್ಯಾಂಡ್ ಲಾಡ್ಜ್ ಆ ಸಾಲುಗಳನ್ನು ಪ್ರಮಾಣದಿಂದ ತೆಗೆಯಿತು. ಅಳಿಸಿ ಹಾಕಲಿಲ್ಲ, ಸಮಾರಂಭದ ಬೇರೆ ಕಡೆ ಉಳಿಸಿಕೊಂಡಿತು. ಹೊಸಬನ ಬಾಯಿಂದ ಸುಳ್ಳು ಬೆದರಿಕೆ ಹೋಯಿತು, ಹಳೆಯ ನೆನಪು ಉಳಿಯಿತು. ನೀವು ಏನನ್ನಾದರೂ ತೆಗೆಯುವಾಗ ಈ ದಾರಿ ಹಿಡಿಯಿರಿ: ಎಲ್ಲಿ ನೋಯಿಸುತ್ತದೋ ಅಲ್ಲಿಂದ ಎತ್ತಿ, ಎಲ್ಲಿ ಕಲಿಸುತ್ತದೋ ಅಲ್ಲಿಡಿ.

ಕಂಠಪಾಠದ ಗೋಳು ಎಲ್ಲ ಕಡೆ ಇದೆ. ಕೆಲಸ, ಮಕ್ಕಳು, ಪ್ರಯಾಣದ ನಡುವೆ ಉದ್ದುದ್ದ ಭಾಗಗಳನ್ನು ಬಾಯಿಪಾಠ ಮಾಡುವುದು ಕಷ್ಟ. ಪುಸ್ತಕ ಹಿಡಿದು ಓದಲು ಬಿಡಬೇಡಿ, ಅದರಿಂದ ಅಭ್ಯರ್ಥಿಗೆ ಅನ್ಯಾಯ. ಭಾಗಗಳನ್ನು ಹಂಚಿ. ಮೊದಲ ಡಿಗ್ರಿಯ (ಸದಸ್ಯತ್ವದ ಮೊದಲ ಹಂತದ) ಉಪಕರಣಗಳ ವಿವರಣೆಯನ್ನು ಸಾಧ್ಯವಾದಷ್ಟು ಹೊಸಬರಿಗೇ ಕೊಡಿ. 24 ಅಂಗುಲದ ಅಳತೆಗೋಲು, ಸುತ್ತಿಗೆ, ಉಳಿ. ಅಳತೆಗೋಲು ದಿನದ 24 ಗಂಟೆ ಅಂತ ಅವನೇ ಇನ್ನೊಬ್ಬನ ಕಣ್ಣು ನೋಡಿ ಹೇಳಲಿ. ಅವನು ಲಾಡ್ಜ್ ಬಿಟ್ಟು ಹೋಗುವ ಮಾತೇ ಬರುವುದಿಲ್ಲ ಅಂತ ನನ್ನ ನಂಬಿಕೆ.

ಆನ್‌ಲೈನ್ ವ್ಯವಸ್ಥೆಯನ್ನು ಸಮಿತಿ ಸಭೆಗೆ, ಲೆಕ್ಕಪತ್ರಕ್ಕೆ ಧಾರಾಳವಾಗಿ ಬಳಸಿ. ಸದಸ್ಯರ ಮತ್ತು ಅವರ ಮನೆಯವರ ಕಷ್ಟಸುಖ ನೋಡಿಕೊಳ್ಳುವ ಅಲ್ಮೋನರ್ ಕೆಲಸಕ್ಕೆ ಬೇಡ. ಕಾಯಿಲೆ ಬಿದ್ದ ಸದಸ್ಯನ ಮನೆಗೆ, ತೀರಿಹೋದವರ ಹೆಂಡತಿಯ ಮನೆಗೆ ಯಾರಾದರೂ ಹೋಗಿ ಕೂರಲೇಬೇಕು. ವಾಟ್ಸಾಪ್ ಸಂದೇಶ ಆ ಜಾಗ ತುಂಬುವುದಿಲ್ಲ.

ಪ್ರಸ್ತಾಪ ಇಡುವ ಮೊದಲು ಪಾಸ್ಟ್ ಮಾಸ್ಟರ್‌ಗಳನ್ನು (ಹಿಂದೆ ಮಾಸ್ಟರ್ ಆಗಿದ್ದವರನ್ನು) ಒಬ್ಬೊಬ್ಬರನ್ನೇ ಭೇಟಿಯಾಗಿ. ಏನು ಬದಲಾಗುವುದಿಲ್ಲ ಅನ್ನುವುದನ್ನು ಮೊದಲು ಹೇಳಿ. ರೂಢಿಯ ವಿಷಯವಾದರೆ ಕೆಲವು ಸಭೆಗಳ ಮಟ್ಟಿಗೆ ಪ್ರಯೋಗ ಅಂತ ಮಿನಿಟ್ಸಿನಲ್ಲೇ ಬರೆಸಿ, ಆಗ ಒಪ್ಪುವುದು ಸುಲಭ. ಹೊಸಬನ ದೀಕ್ಷೆ ಇರುವ ದಿನ ಯಾವ ಪ್ರಯೋಗವೂ ಬೇಡ. ಅದು ಅವನ ದಿನ.

ಮಾಸ್ಟರ್ ನಂತರದ ಸ್ಥಾನದ ಅಧಿಕಾರಿ ಸೀನಿಯರ್ ವಾರ್ಡನ್ ಜೊತೆ ಮಾತಾಡದೆ ಏನನ್ನೂ ಶುರು ಮಾಡಬೇಡಿ. ಹೆಚ್ಚಿನ ಲಾಡ್ಜ್‌ಗಳಲ್ಲಿ ಮುಂದಿನ ವರ್ಷ ಮಾಸ್ಟರ್ ಕುರ್ಚಿಗೆ ಬರುವವರು ಅವರೇ. ಅವರಿಗೆ ಬೇಡವಾದದ್ದು ನಿಮ್ಮ ಅವಧಿ ಮುಗಿದ ಮರುದಿನವೇ ನಿಂತುಹೋಗುತ್ತದೆ. ನೋಟಿಸಿನ ಕರಡನ್ನು ಅವರ ಕೈಗೆ ಕೊಟ್ಟು, ತಿದ್ದಲು ಹೇಳಿ. ಇಬ್ಬರ ಸಹಿಯಲ್ಲೂ ಅದು ನನ್ನಂಥ ಕಾರ್ಯದರ್ಶಿಯ ಮೇಜಿಗೆ ಬರಲಿ.