ಹಳೆ ತೊಟ್ಟಿಮನೆ, ಹಳ್ಳಿ ಚರ್ಚು ರಿಪೇರಿ ಮಾಡ್ಸೋರು ಸಿಮೆಂಟ್ ತರೋಕೆ ಮುಂಚೆ ಇದನ್ನ ಓದಿ

ಹಳೆ ಮನೆ ಸರಿ ಮಾಡ್ಸೋಣ ಅಂತ ಹೊರಟವರು ಮೊದಲು ಮಾಡೋ ಕೆಲ್ಸನೇ ಹತ್ತು ಮೂಟೆ ಸಿಮೆಂಟ್ ಇಳಿಸೋದು. ನಾವೂ ಅದನ್ನೇ ಮಾಡಿದ್ವಿ. ಶ್ರೀರಂಗಪಟ್ಟಣದ ಹತ್ರ ನಮ್ ತಾತನ ಮನೆ, ಪಡಸಾಲೆ ಗೋಡೆ ಬುಡದಲ್ಲಿ ಗಾರೆ ಉದುರ್ತಿತ್ತು, ಮೂರಡಿ ಎತ್ತರಕ್ಕೆ ಸಿಮೆಂಟ್ ಬಳಿಸಿ ಪೇಂಟ್ ಹೊಡೆಸಿದ್ವಿ, ಎರಡು ಮಳೆಗಾಲ ಕಳೆಯೋದ್ರೊಳಗೆ ಅದರ ಮೇಲಿನ ಗೋಡೆ ಉಪ್ಪು ಬಿಟ್ಕೊಂಡು ಹಪ್ಪಳದ ಥರ ಎದ್ದು ಬಂತು. ಮಣ್ಣಿನ ಗೋಡೆ, ಸುಣ್ಣದ ಗೋಡೆ ನೆಲದಿಂದ ನೀರು ಹೀರ್ಕೊಂಡು ಮೈಯಿಂದಾನೇ ಆವಿ ಬಿಡುತ್ತೆ ಕಣ್ರೀ, ಅದರ ಮೇಲೆ ಸಿಮೆಂಟ್ ಮೆತ್ತಿದ್ರೆ ನೀರಿಗೆ ಹೊರಗೆ ಹೋಗೋಕೆ ದಾರಿ ಇಲ್ದೆ ಮೇಲಕ್ಕೆ ಹತ್ತುತ್ತೆ.

ಅದ್ಕೆ ಗೋಡೆ ಮುಟ್ಟೋ ಮುಂಚೆ ನೀರು ಎಲ್ಲಿಂದ ಬರ್ತಿದೆ ನೋಡಿ. ಜೋರು ಮಳೇಲಿ ಛತ್ರಿ ಹಿಡ್ಕೊಂಡು ಮನೆ ಸುತ್ತ ಒಂದು ರೌಂಡ್ ಹಾಕಿದ್ರೆ ಅರ್ಧ ಕಾಯಿಲೆ ಗೊತ್ತಾಗುತ್ತೆ. ನಮ್ ಕಡೆ ದೊಡ್ಡ ತಲೆನೋವು ಸಿಸಿ ರೋಡು. ಹಳೇದನ್ನ ಅಗೆಯಲ್ಲ, ಅದರ ಮೇಲೇ ಇನ್ನೊಂದು ಪದರ ಹಾಕ್ತಾರೆ, ಕೊನೆಗೆ ರೋಡು ಜಗುಲಿಗಿಂತ ಮೇಲೆ, ಬೀದಿ ನೀರೆಲ್ಲ ಬಾಗಿಲಿಗೆ. ಗೋಡೆ ಪಕ್ಕ ತುಂಬಿರೋ ಮಣ್ಣು ತೆಗೆಸಿ, ಹೊರಕ್ಕೆ ಇಳಿಜಾರು ಕೊಟ್ಟು ಚರಂಡಿ ಮಾಡಿ. ಆಮೇಲೆ ಸೂರು. ಹೆಂಚು ಇಳಿಸೋ ಮುಂಚೆ ಫೋಟೋ ತೆಗೀರಿ, ತೊಲೆ ಜಂತೆಗೆಲ್ಲ ಸೀಮೆಸುಣ್ಣದಲ್ಲಿ ನಂಬರ್ ಬರೀರಿ, ಇಲ್ಲಾಂದ್ರೆ ವಾಪಸ್ ಜೋಡಿಸೋವಾಗ ಮೇಸ್ತ್ರಿ ನಿಮ್ ಮುಖ ನೋಡ್ತಾನೆ, ನೀವು ಅವನ ಮುಖ ನೋಡ್ತೀರಿ.

ಈಗ ಗಾರೆ. "ಸುಣ್ಣದಲ್ಲಿ ಗಟ್ಟಿ ಬರಲ್ಲ ಸಾರ್" ಅಂತ ಯಾರಾದ್ರೂ ಅಂದ್ರೆ ಕೆಆರ್‌ಎಸ್ ಕಡೆ ಕೈ ತೋರ್ಸಿ. 1911ರಲ್ಲಿ ಕೆಲ್ಸ ಶುರುವಾದ ಆ ಕಟ್ಟೆ ನಿಂತಿರೋದೇ ಸುಣ್ಣ, ಸುರ್ಕಿ ಗಾರೆ ಮೇಲೆ. ಸುರ್ಕಿ ಅಂದ್ರೆ ಚೆನ್ನಾಗಿ ಬೆಂದ ಇಟ್ಟಿಗೆ ಪುಡಿ, ಅದು ಸುಣ್ಣದ ಜೊತೆ ಸೇರಿದ್ರೆ ತೇವದಲ್ಲೂ ಗಟ್ಟಿಯಾಗುತ್ತೆ. ಸುಟ್ಟ ಸುಣ್ಣದ ಕಲ್ಲು ತಂದು ತೊಟ್ಟೀಲಿ ನೀರು ತುಂಬಿ ಅದಕ್ಕೆ ಸ್ವಲ್ಪ ಸ್ವಲ್ಪ ಹಾಕಿ. ಕಲ್ಲಿನ ಮೇಲೆ ನೀರು ಸುರೀಬೇಡಿ, ಕುದ್ದು ಸಿಡಿಯುತ್ತೆ, ಕಣ್ಣಿಗೆ ಬಿದ್ರೆ ಕಣ್ಣೇ ಹೋಗುತ್ತೆ, ಕನ್ನಡಕ ಗ್ಲೌಸ್ ಹಾಕ್ಲೇಬೇಕು, ಮಕ್ಳನ್ನ ಹತ್ರ ಬಿಡ್ಬೇಡಿ. ಜರಡಿ ಹಿಡಿದು, ಮೇಲೆ ನೀರು ನಿಲ್ಲೋ ಹಾಗೆ ಎರಡು ಮೂರು ವಾರನಾದ್ರೂ ನೆನೆಯೋಕೆ ಬಿಡಿ, ಬೆಣ್ಣೆ ಥರ ಆಗುತ್ತೆ. ಒಂದು ಪಾಲು ಸುಣ್ಣಕ್ಕೆ ಎರಡೂವರೆ ಮೂರು ಪಾಲು ಮರಳು, ಬುಡದ ಗೋಡೆಗಾದ್ರೆ ಮರಳಲ್ಲಿ ಸ್ವಲ್ಪ ಕಮ್ಮಿ ಮಾಡಿ ಅದರ ಬದಲು ಸುರ್ಕಿ ಹಾಕಿ. ಅಳಲೆಕಾಯಿ ಜಜ್ಜಿ ಬೆಲ್ಲದ ಜೊತೆ ನೆನೆಸಿಟ್ಟ ನೀರನ್ನ ಹಳೆ ಮೇಸ್ತ್ರಿಗಳು ಕಲೆಸೋಕೆ ಹಾಕ್ತಾರೆ, ಮಂಡ್ಯದಲ್ಲಿದ್ಕೊಂಡು ಬೆಲ್ಲಕ್ಕೇನು ಬರ. ಮೊದಲು ಗೋಡೆಲೇ ಒಂದು ಮೂಲೇಲಿ ಎರಡಡಿ ಬಳಿದು ನೋಡಿ, ಬಿರುಕು ಬಿಟ್ರೆ ಮರಳು ಜಾಸ್ತಿ ಮಾಡಿ. ತೆಳ್ಳಗೆ ಬಳೀಬೇಕು, ಆಮೇಲೆ ಒದ್ದೆ ಗೋಣಿ ಕಟ್ಟಿ ಒಂದು ವಾರ ತೇವ ಆರದ ಹಾಗೆ ನೋಡ್ಕೋಬೇಕು, ಈ ಕೆಲ್ಸಕ್ಕೇ ಯಾರೂ ಇರಲ್ಲ, ಎಲ್ಲಾ ಕಬ್ಬು ಕಡಿಯೋಕೆ ಹೋಗಿರ್ತಾರೆ.

ಮರಕ್ಕೆ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಗೋಡೆ ಒಳಗೆ ಕೂತಿರೋ ತೊಲೆ ತುದಿನೇ ಮೊದಲು ಕೊಳೆಯೋದು. ಅಷ್ಟು ತುದಿ ಮಾತ್ರ ಕತ್ತರಿಸಿ ಅದೇ ಜಾತಿ ಮರ ಜೋಡಿಸೋ ಬಡಗಿ ಸಿಗ್ತಾನೆ, ಹುಡುಕಿ. ಹಳೆ ಕಂಬ ಒಳ್ಳೆ ರೇಟಿಗೆ ತಗೋತೀವಿ ಅಂತ ಬರೋರ್ಗೆ ಟೀ ಕೊಟ್ಟು ಕಳ್ಸಿ.

ಚರ್ಚಿಗೂ ಇದೇ ಮದ್ದು, ಆದ್ರೆ ಗೋಡೆ ಎತ್ತರ, ಸೂರು ಅಗಲ, ಹಾಗಾಗಿ ಬಿರುಕನ್ನ ಸುಮ್ನೆ ಮುಚ್ಚಬೇಡಿ. ಬಿರುಕಿಗೆ ಅಡ್ಡ ಗಾಜಿನ ಚೂರು ಅಂಟಿಸಿ ತಾರೀಕು ಬರೆದಿಡಿ, ಕೆಲವು ತಿಂಗಳಲ್ಲಿ ಗಾಜು ಒಡೆದ್ರೆ ಗೋಡೆ ಇನ್ನೂ ಸರೀತಿದೆ ಅಂತ ಅರ್ಥ, ಆಗ ಹಳೆ ಕಟ್ಟಡದ ಕೆಲ್ಸ ಗೊತ್ತಿರೋ ಇಂಜಿನಿಯರೇ ಬರ್ಬೇಕು. ಗಂಟೆ ತೂಗೋ ಮರದ ದಿಮ್ಮಿ ಕೂಡ ಹತ್ತಿ ನೋಡ್ಸಿ. ಫಾದರ್ ಹತ್ರ, ಅವರ ಮೂಲಕ ಧರ್ಮಪ್ರಾಂತ್ಯದ (ಬಿಷಪ್ ಕಚೇರಿ) ಹತ್ರ ಬರವಣಿಗೇಲಿ ಒಪ್ಪಿಗೆ ತಗೊಳ್ಳಿ. ಶ್ರೀರಂಗಪಟ್ಟಣದಂಥ ಜಾಗದಲ್ಲಿ ಇನ್ನೊಂದು ವಿಷ್ಯ, ಕೇಂದ್ರದ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟೋ ಹಾಗಿಲ್ಲ, ಅಲ್ಲಿಂದಾಚೆ ಇನ್ನೂ 200 ಮೀಟರ್‌ವರೆಗೆ ಪರ್ಮಿಷನ್ ಬೇಕು, ರಿಪೇರಿಗೂ ಕೇಳ್ಕೊಂಡೇ ಶುರು ಮಾಡಿ.

ಕೊನೆಗೆ ಬಣ್ಣಕ್ಕೆ ಪ್ಲಾಸ್ಟಿಕ್ ಎಮಲ್ಷನ್ ಪೇಂಟ್ ಬೇಡ, ತೆಳು ಸುಣ್ಣ ಮೂರು ಕೋಟು ಸಾಕು. ಕಮಿಟಿಯೋರು ಹಬ್ಬದೊಳಗೆ ಮುಗೀಲಿ ಅಂತ ಪ್ರಾಣ ತಿಂತಾರೆ. ಜೂನ್ 13ರ ಸಂತ ಅಂತೋಣಿ ಹಬ್ಬಕ್ಕೆ ಬೇಕು ಅಂದ್ರೆ ದೀಪಾವಳಿ ಮಳೆ ನಿಂತ ಕೂಡ್ಲೇ ಸುಣ್ಣ ನೆನೆ ಹಾಕಿ, ಏಪ್ರಿಲಲ್ಲಿ ಎದ್ದು ಬಂದು ಕೇಳಿದ್ರೆ ಮುಂದಿನ ವರ್ಷ ಅಂತ ಹೇಳ್ಬಿಡಿ.