‘ಯೋಚನೆ ಮಾಡಿ ಹೇಳ್ತೀವಿ’ ಅನ್ನುವವರಿಗೆ ಮನೆ ತೋರಿಸುವುದು ಹೇಗೆ?

ನಾನು ಬೆಂಗಳೂರಿನಲ್ಲಿ ಮನೆ ಕೊಡಿಸುವ ಏಜೆಂಟ್. ಹನುಮಂತನಗರದಲ್ಲಿ ಬಾಡಿಗೆಗಿದ್ದ ಒಂದು ಕುಟುಂಬಕ್ಕೆ ಎಂಟು ತಿಂಗಳಲ್ಲಿ 27 ಮನೆ ತೋರಿಸಿದ್ದೆ. ಉತ್ತರಹಳ್ಳಿ, ಕೆಂಗೇರಿ, ರಾಜರಾಜೇಶ್ವರಿ ನಗರ, ಕೋಣನಕುಂಟೆ ಎಲ್ಲ ಸುತ್ತಿದ್ದಾಯಿತು. ಗಂಡ ಹೆಂಡತಿ ಇಬ್ಬರೂ ಕೆಲಸದಲ್ಲಿದ್ದರು. ಬ್ಯಾಂಕು ಸಾಲ ಕೊಡಲು ಒಪ್ಪಿತ್ತು. ಆದರೂ ಪ್ರತಿ ಮನೆಯಲ್ಲಿ ಏನೋ ಒಂದು ಕೊರತೆ ಕಾಣುತ್ತಿತ್ತು. ಒಂದು ಕಡೆ ಸಿಂಕ್ ಇರುವ ಜಾಗ ಸರಿಯಿಲ್ಲ, ಇನ್ನೊಂದು ಕಡೆ ಬಾಲ್ಕನಿ ಚಿಕ್ಕದು. ಭಾನುವಾರ ಸಂಜೆ ಗೇಟಿನ ಹತ್ತಿರ ಅದೇ ಮಾತು: ‘ಯೋಚನೆ ಮಾಡಿ ಹೇಳ್ತೀವಿ ಸರ್.’

28ನೇ ಮನೆ ನೋಡಲು ಅವರ ಅಮ್ಮನೂ ಬಂದರು. ಮಗ ಸೊಸೆ ಅಡುಗೆಮನೆ ಅಳೆಯುತ್ತಿದ್ದಾಗ ಅವರ ಪಕ್ಕ ಕೂತು, ‘ನಿಮಗೆ ಎಂಥ ಮನೆ ಬೇಕಮ್ಮಾ?’ ಎಂದು ಕೇಳಿದೆ. ‘ಎಂಥದ್ದಾದರೂ ಆಗಲಿ. ಬೆಳಿಗ್ಗೆ ಕುಮಾರಸ್ವಾಮಿ ದೇವಸ್ಥಾನಕ್ಕೆ ಹೋಗೋದು ತಪ್ಪಿದರೆ ನನಗೆ ದಿನಾನೇ ಶುರುವಾಗಲ್ಲ’ ಎಂದರು. ಮಗ ಸೊಸೆಗೆ ಇದು ಮೊದಲೇ ಗೊತ್ತಿತ್ತು. ಹೊರಗಿನವನಾದ ನನ್ನ ಮುಂದೆ ಹೇಳಲು ಸಂಕೋಚ. ಮುಂದಿನ ತಿಂಗಳೇ ಬನಶಂಕರಿಯಲ್ಲಿ ಒಂದು ಹಳೇ ಫ್ಲಾಟ್ ಕೊಂಡರು. ಅಲ್ಲಿಂದ ದೇವಸ್ಥಾನಕ್ಕೆ ಒಂದು ಆಟೋ ಹಿಡಿದರೆ ಸಾಕು. ಅದರ ಬಾಲ್ಕನಿ, ಅವರು ಬೇಡವೆಂದ ಮನೆಗಳ ಬಾಲ್ಕನಿಗಿಂತ ಚಿಕ್ಕದು.

ಇಂಥವರನ್ನು ನಮ್ಮ ಕೆಲಸದಲ್ಲಿ ‘ಟೈಂಪಾಸ್ ಪಾರ್ಟಿ’ ಎಂದು ಕರೆಯುವುದುಂಟು. ಆ ಮಾತು ನನಗೆ ಕೇಳಲೂ ಆಗುವುದಿಲ್ಲ. ಮುಂದಿನ 20 ವರ್ಷದ ಸಂಬಳವನ್ನು ಒಂದೇ ಸಹಿಯಲ್ಲಿ ಒತ್ತೆ ಇಡುವವರು ಹಿಂದೆಮುಂದೆ ನೋಡುವುದು ಸಹಜ ಅಲ್ವಾ? ತಡೆಯುತ್ತಿರುವುದು ಏನು ಎಂದು ಹುಡುಕುವುದೇ ಏಜೆಂಟ್ ಕೆಲಸ. ಈ ವೃತ್ತಿಗೆ ಹೊಸದಾಗಿ ಬಂದವರಿಗಾಗಿ ನಾನು ಪಾಲಿಸುವ ಕ್ರಮವನ್ನು ಬರೆಯುತ್ತಿದ್ದೇನೆ. ಮನೆ ಹುಡುಕುತ್ತಿರುವವರೂ ಓದಬಹುದು. ನಿಮ್ಮ ಏಜೆಂಟ್ ಹೀಗೆ ಕೆಲಸ ಮಾಡುತ್ತಿದ್ದಾರಾ ಎಂದು ನೋಡಿಕೊಳ್ಳಲು ಆಗುತ್ತದೆ.

1. ಮೊದಲ ಭೇಟಿಯಲ್ಲಿ ಮನೆ ತೋರಿಸಬೇಡಿ

ಎಲ್ಲಾದರೂ ಕೂತು ಕಾಫಿ ಕುಡಿಯಿರಿ. ಎಷ್ಟು ಬೆಡ್‌ರೂಮ್, ಎಷ್ಟು ಬಜೆಟ್ ಎಂದು ಎಲ್ಲರೂ ಕೇಳುತ್ತಾರೆ. ನೀವು ‘ಈಗಲೇ ಯಾಕೆ ಕೊಳ್ಳಬೇಕು ಅಂತಿದ್ದೀರಿ?’ ಎಂದು ಕೇಳಿ. ಮಗುವಿನ ಶಾಲೆ ಸೇರ್ಪಡೆ, ಬಾಡಿಗೆ ಮನೆ ಓನರ್ ಜೊತೆ ಮನಸ್ತಾಪ, ಸಂಬಳ ಜಾಸ್ತಿ ಆದದ್ದು, ಹೀಗೆ ಒಂದು ಕಾರಣ ಸಿಗುತ್ತದೆ. ‘ಈ ವರ್ಷ ಕೊಳ್ಳದಿದ್ದರೆ ಏನಾಗುತ್ತೆ?’ ಎನ್ನುವುದು ಎರಡನೇ ಪ್ರಶ್ನೆ. ‘ಏನೂ ಆಗಲ್ಲ’ ಎಂದರೆ ಅವರಿಗೆ ಅವಸರವಿಲ್ಲ. ಅದನ್ನು ಗೌರವಿಸಿ, ತಿಂಗಳಿಗೆ ಒಂದು ಮನೆ ತೋರಿಸಿದರೆ ಸಾಕು.

2. ಒಪ್ಪಬೇಕಾದವರು ಯಾರ್‍ಯಾರು ಎಂದು ತಿಳಿಯಿರಿ

ನಮ್ಮಲ್ಲಿ ಮನೆ ಕೊಳ್ಳುವುದು ಇಬ್ಬರ ನಿರ್ಧಾರವಾಗುವುದು ಕಡಿಮೆ. ಹಾಸನದಲ್ಲಿರುವ ಮಾವ ಹತ್ತು ಲಕ್ಷ ಕೊಡುತ್ತಿರಬಹುದು. ಅಮೆರಿಕದಲ್ಲಿರುವ ಅಣ್ಣನ ಮಾತಿಲ್ಲದೆ ಮನೆಯಲ್ಲಿ ಏನೂ ನಡೆಯದೇ ಇರಬಹುದು. ಅವರು ಕೊನೆಗೆ ಬಂದು ಒಂದು ಮಾತಿನಲ್ಲಿ ‘ಬೇಡ’ ಎಂದುಬಿಟ್ಟರೆ ಮೂರು ತಿಂಗಳ ಓಡಾಟ ನೀರಿಗೆ ಹೋಗುತ್ತದೆ. ಅದಕ್ಕೇ ಮೊದಲ ವಾರದಲ್ಲೇ ಅವರನ್ನು ಫೋನಿನಲ್ಲಾದರೂ ಮಾತನಾಡಿಸಿ. ಮನೆ ನೋಡುವಾಗ ವಿಡಿಯೊ ಕಾಲ್ ಮಾಡಿ. ಮನೆಯ ಹಿರಿಯರಿಗೆ ಕೂರಲು ಕುರ್ಚಿ ಹಾಕಿ, ಅವರ ಜೊತೆ ಬೇರೆಯಾಗಿ ಹತ್ತು ನಿಮಿಷ ಮಾತಾಡಿ. ಆ 27 ಮನೆಯ ಸುತ್ತಾಟದಿಂದ ನಾನು ಕಲಿತದ್ದು ಇದು.

ವಾಸ್ತು ವಿಷಯವನ್ನೂ ಆಗಲೇ ಕೇಳಿಬಿಡಿ. ದಕ್ಷಿಣದ ಬಾಗಿಲು ಬೇಡ ಎನ್ನುವವರಿಗೆ ಅದನ್ನು ತೋರಿಸಿ ವಾದ ಮಾಡುವುದರಿಂದ ಏನೂ ಸಿಗುವುದಿಲ್ಲ. ಆಷಾಢದಲ್ಲಿ ಅಡ್ವಾನ್ಸ್ ಕೊಡುವುದಿಲ್ಲ ಎಂದರೆ ಬಿಡಿ. ಆ ತಿಂಗಳು ದಾಖಲೆ ಪರಿಶೀಲನೆ ಮುಗಿಸಿಕೊಳ್ಳಿ. ಶ್ರಾವಣ ಬರುವ ಹೊತ್ತಿಗೆ ಮಾತಾಡಲು ಉಳಿಯುವುದು ಬೆಲೆ ಮಾತ್ರ.

3. ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸಿ

ಅರ್ಧ ಅನುಮಾನ ದುಡ್ಡಿನದು. ‘ಇಎಂಐ ಕಟ್ಟಬಹುದು’ ಎಂದು ಮಾತ್ರ ಯೋಚಿಸಿ ಬಂದವರಿಗೆ, ಕೈಯಿಂದ ಎಷ್ಟು ಹೋಗುತ್ತದೆ ಎನ್ನುವುದು ಗೊತ್ತಿರುವುದಿಲ್ಲ. ಒಳಗೊಳಗೇ ಹೆದರುತ್ತಾರೆ, ಹೊರಗೆ ಬಾಲ್ಕನಿಯ ತಪ್ಪು ಹೇಳುತ್ತಾರೆ.

90 ಲಕ್ಷದ ಒಂದು ರೀಸೇಲ್ ಫ್ಲಾಟ್ ಅಂದುಕೊಳ್ಳಿ. ರಿಸರ್ವ್ ಬ್ಯಾಂಕ್ ನಿಯಮದಂತೆ 30 ಲಕ್ಷದಿಂದ 75 ಲಕ್ಷದವರೆಗಿನ ಸಾಲಕ್ಕೆ ಬ್ಯಾಂಕು ಮನೆಯ ಬೆಲೆಯ ಶೇ 80ರವರೆಗೆ ಕೊಡಬಹುದು. ಅಂದರೆ 72 ಲಕ್ಷ. ಉಳಿದ 18 ಲಕ್ಷ ನಮ್ಮದು. ಸ್ಟಾಂಪ್ ಡ್ಯೂಟಿ ಶೇ 5, ಅದರ ಮೇಲೆ ಸೆಸ್ ಮತ್ತು ಸರ್‌ಚಾರ್ಜ್ ಸೇರಿ ಸುಮಾರು 5 ಲಕ್ಷ. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ಶೇ 1ರ ಬದಲು ಶೇ 2 ಆಗಿದೆ. ಅದು 1.8 ಲಕ್ಷ. ಈ ಖರ್ಚಿಗೆ ಬ್ಯಾಂಕಿನ ಸಾಲ ಸಿಗುವುದಿಲ್ಲ. ಒಟ್ಟು ಹತ್ತಿರ ಹತ್ತಿರ 25 ಲಕ್ಷ ಕೈಯಲ್ಲಿರಬೇಕು. ನಮ್ಮ ಕಮಿಷನ್, ವಕೀಲರ ಫೀಸು, ಪೇಂಟಿಂಗ್, ಮರಗೆಲಸ ಬೇರೆ. ನಿಮ್ಮ ಕಮಿಷನ್ನನ್ನೂ ಮುಚ್ಚಿಡದೆ ಅದೇ ಹಾಳೆಯಲ್ಲಿ ಬರೆಯಿರಿ. ಶೇ 8.5 ಬಡ್ಡಿ, 20 ವರ್ಷದ ಅವಧಿ ಎಂದರೆ ಕಂತು ತಿಂಗಳಿಗೆ ಸುಮಾರು 62,500 ರೂಪಾಯಿ. ಕಟ್ಟುತ್ತಿರುವ ಫ್ಲಾಟ್ ಆದರೆ ಸಾಮಾನ್ಯವಾಗಿ ಶೇ 5 ಜಿಎಸ್‌ಟಿಯೂ ಸೇರುತ್ತದೆ. ಒಸಿ (ಕಟ್ಟಡದಲ್ಲಿ ವಾಸ ಮಾಡಬಹುದು ಎಂಬ ಪ್ರಮಾಣಪತ್ರ) ಸಿಕ್ಕ ಮೇಲೆ ಮಾರುವ ಮನೆಗೆ ಜಿಎಸ್‌ಟಿ ಇಲ್ಲ.

ಈ ಹಾಳೆಯನ್ನು ಅವರ ಕೈಗೇ ಕೊಟ್ಟು ಕಳಿಸಿ. ಕೆಲವರು ಮನೆಗೆ ಹೋಗಿ ಬಜೆಟ್ ಇಳಿಸುತ್ತಾರೆ. ಇಳಿಸಲಿ. ಬಜೆಟ್ ಇಳಿಸಿದವರು ಬೇಗ ಕೊಳ್ಳುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

4. ಒಂದು ದಿನಕ್ಕೆ ಮೂರೇ ಮನೆ

ಆರು ಮನೆ ನೋಡಿದವರಿಗೆ ಸಂಜೆ ಯಾವ ಮನೆಯಲ್ಲಿ ಯಾವ ಕಿಟಕಿ ಇತ್ತು ಎಂದೇ ನೆನಪಿರುವುದಿಲ್ಲ. ಪ್ರತಿ ಮನೆಯಿಂದ ಹೊರಬಂದ ಕೂಡಲೇ ಗಂಡ ಹೆಂಡತಿ ಬೇರೆ ಬೇರೆಯಾಗಿ ಎರಡು ಸಾಲು ಬರೆಯಲಿ: ಏನು ಹಿಡಿಸಿತು, ಏನು ಹಿಡಿಸಲಿಲ್ಲ. ಆಮೇಲೆ ಎರಡನ್ನೂ ಪಕ್ಕ ಪಕ್ಕ ಇಟ್ಟು ಓದಿ. ಒಬ್ಬರಿಗೆ ಮೆಟ್ರೋ ಹತ್ತಿರ ಬೇಕು, ಇನ್ನೊಬ್ಬರಿಗೆ ತವರುಮನೆ ಹತ್ತಿರ ಬೇಕು ಎನ್ನುವುದು ಅಲ್ಲೇ ತಿಳಿಯುತ್ತದೆ. ಆಗ ಮಧ್ಯೆ ಬಾಯಿ ಹಾಕಬೇಡಿ. ಅವರೇ ಮಾತಾಡಿಕೊಳ್ಳಲಿ.

ನಾಲ್ಕನೇ ಭಾನುವಾರದ ಹೊತ್ತಿಗೆ ಪಟ್ಟಿ ಎರಡು ಮನೆಗೆ ಇಳಿಯಬೇಕು. ಹೊಸ ಮನೆ ತೋರಿಸುವುದನ್ನು ಅಲ್ಲಿಗೆ ನಿಲ್ಲಿಸಿ. ಆ ಎರಡನ್ನೇ ಮತ್ತೆ ತೋರಿಸಿ, ಬೇರೆ ಹೊತ್ತಿನಲ್ಲಿ. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಟ್ರಾಫಿಕ್ ಹೇಗಿದೆ? ರಾತ್ರಿ ಹತ್ತಕ್ಕೆ ರಸ್ತೆಯಲ್ಲಿ ದೀಪ ಉರಿಯುತ್ತದಾ? ಮಳೆ ಬಂದ ಮರುದಿನ ಗೋಡೆಯಲ್ಲಿ ತೇವ ಇದೆಯಾ? ವಾಚ್‌ಮನ್ ಹತ್ತಿರ ಅವರೇ ಕೇಳಲಿ: 2024ರ ಬೇಸಿಗೆಯಲ್ಲಿ ಈ ಕಟ್ಟಡಕ್ಕೆ ದಿನಕ್ಕೆ ಎಷ್ಟು ಟ್ಯಾಂಕರ್ ಬರುತ್ತಿತ್ತು? ಬೆಂಗಳೂರಿನಲ್ಲಿ ಆ ವರ್ಷದ ನೀರಿನ ಕಷ್ಟ ಕಂಡವರಿಗೆ ಇದರ ಉತ್ತರ ಬೇಕೇ ಬೇಕು. ಉತ್ತರ ಕೆಟ್ಟದಾಗಿದ್ದರೆ ಅದು ಈಗಲೇ ಗೊತ್ತಾಗುವುದು ಒಳ್ಳೆಯದು, ನಮಗೂ ಅವರಿಗೂ.

5. ದಾಖಲೆಯ ಭಯಕ್ಕೆ ದಾಖಲೆಯೇ ಉತ್ತರ

‘ಎಲ್ಲ ಕ್ಲಿಯರ್ ಇದೆ, ಧೈರ್ಯವಾಗಿರಿ’ ಎಂದು ಸುಮ್ನೆ ಹೇಳಬೇಡಿ. ಯಾರದ್ದೋ ಮೋಸದ ಕಥೆ ಕೇಳಿ ಹೆದರಿದವರಿಗೆ ಆ ಮಾತು ಇನ್ನೂ ಹೆದರಿಕೆ ತರುತ್ತದೆ. ಮೂಲ ಕ್ರಯಪತ್ರದಿಂದ ಈವರೆಗಿನ ಪತ್ರಗಳು, ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಿಂದ ಇಸಿ (ಆಸ್ತಿಯ ಮೇಲಿನ ಋಣಭಾರದ ಪತ್ರ), ಇ-ಖಾತಾ (ಆನ್‌ಲೈನ್ ಖಾತೆ ಪತ್ರ), ಕಟ್ಟಿದ ತೆರಿಗೆಯ ರಸೀದಿ, ಮಂಜೂರಾದ ನಕ್ಷೆ, ಒಸಿ, ಹೊಸ ಪ್ರಾಜೆಕ್ಟ್ ಆದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನಂಬರ್. ಇಷ್ಟನ್ನು ಒಂದು ಫೈಲಿನಲ್ಲಿ ಜೋಡಿಸಿ ಕೊಡಿ. ಬಿ-ಖಾತಾ (ನಿಯಮದ ಪ್ರಕಾರ ಪೂರ್ತಿ ಅನುಮೋದನೆ ಇಲ್ಲದ ಆಸ್ತಿಯ ಖಾತೆ) ಆಗಿದ್ದರೆ ಮೊದಲ ದಿನವೇ ಹೇಳಿ, ಅಂಥ ಮನೆಗೆ ಎಷ್ಟೋ ಬ್ಯಾಂಕುಗಳು ಸಾಲ ಕೊಡುವುದಿಲ್ಲ.

ವಕೀಲರನ್ನು ಅವರೇ ಆರಿಸಿಕೊಳ್ಳಲಿ. ನಿಮ್ಮ ಪರಿಚಯದ ವಕೀಲರು ಎಷ್ಟೇ ಒಳ್ಳೆಯವರಾದರೂ, ಕೊಳ್ಳುವವರ ಕಣ್ಣಿಗೆ ಅವರು ನಿಮ್ಮ ಕಡೆಯವರೇ.

6. ಗಡುವು ಕೊಡಿ, ಸುಳ್ಳು ಹೇಳಬೇಡಿ

‘ಇನ್ನೊಂದು ಪಾರ್ಟಿ ಸಂಜೆ ಅಡ್ವಾನ್ಸ್ ಹಿಡ್ಕೊಂಡು ಬರ್ತಿದೆ’ ಎನ್ನುವುದು ನಮ್ಮ ಕೆಲಸದ ಅತಿ ಹಳೆಯ ಸುಳ್ಳು. ನಿಜವಾಗಿ ಬಂದಿದ್ದರೆ ಹೇಳಿ, ಬಂದಿಲ್ಲದಿದ್ದರೆ ಬೇಡ. ಹೆದರಿಸಿ ಕೊಡಿಸಿದ ಮನೆಯವರು ಗೃಹಪ್ರವೇಶಕ್ಕೆ ಕರೆದರೂ, ಮುಂದೆ ತಮ್ಮ ತಂಗಿಯನ್ನು ನಿಮ್ಮ ಹತ್ತಿರ ಕಳಿಸುವುದಿಲ್ಲ. ಮಾರುವವರ ಜೊತೆ ಮಾತಾಡಿ, ‘ಹತ್ತು ದಿನ ಈ ಬೆಲೆಗೆ ಕಾಯುತ್ತೇನೆ’ ಎಂದು ಒಪ್ಪಿಸಿ. ಅದೇ ನಿಜವಾದ ಗಡುವು.

ಟೋಕನ್ (ಮೊದಲ ಮುಂಗಡ) ಕೊಡುವಾಗ ಒಂದು ಪುಟದ ಬರಹ ಇರಲಿ. ವಕೀಲರು ದಾಖಲೆಯಲ್ಲಿ ದೋಷ ಕಂಡರೆ ಅಥವಾ ಬ್ಯಾಂಕು ಸಾಲ ನಿರಾಕರಿಸಿದರೆ ಇಷ್ಟು ದಿನದೊಳಗೆ ಹಣ ವಾಪಸ್ ಎಂದು ಇಬ್ಬರೂ ಸಹಿ ಮಾಡಲಿ. ವಾಪಸ್ ಬರುವ ದಾರಿ ಇದೆ ಎಂದು ಗೊತ್ತಾದರೆ ಮುಂದೆ ಹೆಜ್ಜೆ ಇಡುವುದು ಸುಲಭ. ರೇರಾ ಅಡಿ ಬರುವ ಪ್ರಾಜೆಕ್ಟಿನಲ್ಲಿ, ಮಾರಾಟ ಒಪ್ಪಂದ ನೋಂದಣಿ ಆಗುವ ಮೊದಲು ಬಿಲ್ಡರ್ ಬೆಲೆಯ ಶೇ 10ಕ್ಕಿಂತ ಜಾಸ್ತಿ ತೆಗೆದುಕೊಳ್ಳುವ ಹಾಗಿಲ್ಲ. ಇದನ್ನು ನೀವೇ ಹೇಳಿ, ಅವರು ಕೇಳುವವರೆಗೆ ಕಾಯಬೇಡಿ.

7. ‘ಈಗ ಬೇಡ’ ಎಂದು ಹೇಳಲು ಕಲಿಯಿರಿ

ಕೆಲವರ ಲೆಕ್ಕ ಹೇಗೆ ಹಾಕಿದರೂ ಕೂಡುವುದಿಲ್ಲ. ಒಬ್ಬರ ಕೆಲಸ ಅಲುಗಾಡುತ್ತಿರುತ್ತದೆ, ಅಥವಾ ಗಂಡ ಹೆಂಡತಿ ನಡುವೆಯೇ ಒಪ್ಪಂದವಿರುವುದಿಲ್ಲ. ಅಂಥವರಿಗೆ ಇನ್ನೊಂದು ವರ್ಷ ಬಾಡಿಗೆಯಲ್ಲೇ ಇರಿ ಎಂದು ನೇರವಾಗಿ ಹೇಳಿ. ಕೊಳ್ಳಬೇಕೆಂದಿರುವ ಬಡಾವಣೆಯಲ್ಲೇ ಬಾಡಿಗೆ ಮನೆ ಹುಡುಕಿಕೊಡಿ. ಅಲ್ಲಿನ ನೀರು, ರಸ್ತೆ, ನೆರೆಹೊರೆ ಎಲ್ಲ ತಿಳಿಯುತ್ತದೆ.

ಅವರ ನಂಬರನ್ನು ಅಳಿಸಬೇಡಿ. ಆದರೆ ದಿನಾ ಮೆಸೇಜ್ ಕಳಿಸಿ ಪೀಡಿಸಲೂ ಬೇಡಿ. ನಾನು ಡೈರಿಯಲ್ಲಿ ಬಾಡಿಗೆ ಕರಾರು ಮುಗಿಯುವ ತಿಂಗಳನ್ನು ಬರೆದಿಟ್ಟುಕೊಳ್ಳುತ್ತೇನೆ. ಅದಕ್ಕೆ ಮೂರು ತಿಂಗಳು ಮುಂಚೆ ಒಂದೇ ಒಂದು ಫೋನ್ ಮಾಡುತ್ತೇನೆ. ಮೊದಲು ಅಮ್ಮನ ಆರೋಗ್ಯ, ಮಕ್ಕಳ ಶಾಲೆ. ಮನೆಯ ಮಾತನ್ನು ಅವರೇ ಎತ್ತಲಿ ಎಂದು ಬಿಡುತ್ತೇನೆ.