ಸುಗ್ಗಿಯಲ್ಲಿ ಸರ್ವರ್ ಮಲಗದಂತೆ ರಿಕ್ವೆಸ್ಟ್‌ಗಳಿಗೆ ಪಾಳಿ ಹಚ್ಚುವುದು

ರಾಯಚೂರು ಎಪಿಎಂಸಿಗೆ ಭತ್ತ, ಹತ್ತಿ ಒಟ್ಟಿಗೆ ಬರುವ ದಿನಗಳಲ್ಲಿ ಬಿಲ್ಲಿಂಗ್ ಸರ್ವರ್ ಮಲಗಿತೆಂದರೆ ವೇಬ್ರಿಡ್ಜ್ ಮುಂದೆ ಲಾರಿಗಳು ನಿಂತೇಬಿಡುತ್ತವೆ. ರ್‍ಯಾಮ್ ಹೆಚ್ಚಿಸಲು ಹೊರಡುವ ಮೊದಲು ಬಾಗಿಲಲ್ಲಿ ಪಾಳಿ ಇದೆಯೇ ನೋಡಿ.

ಮೊದಲು ಲೆಕ್ಕ. ಸೆಕೆಂಡಿಗೆ 80 ರಿಕ್ವೆಸ್ಟ್, ಒಂದಕ್ಕೆ 0.25 ಸೆಕೆಂಡ್ ಎಂದರೆ ಯಾವ ಹೊತ್ತಿಗೂ ಒಳಗಿರುವುದು ಸುಮಾರು 20. ಡೇಟಾಬೇಸ್ ನಿಧಾನವಾಗಿ ಒಂದಕ್ಕೆ 1 ಸೆಕೆಂಡ್ ಹಿಡಿದರೆ 80 ಕನೆಕ್ಷನ್ ಬೇಕು. ಕನೆಕ್ಷನ್ ಪೂಲ್ (ಡೇಟಾಬೇಸ್‌ಗೆ ಒಮ್ಮೆಗೆ ಸಿಗುವ ಕನೆಕ್ಷನ್‌ಗಳು) 30 ಇದ್ದರೆ ಪ್ರತಿ ಸೆಕೆಂಡಿಗೆ 50 ಬಾಕಿ ಬೆಳೆಯುತ್ತದೆ. ಆಗ ಗುಮಾಸ್ತರು ಮತ್ತೆ ಮತ್ತೆ ಸೇವ್ ಒತ್ತುತ್ತಾರೆ, ಬಾಕಿ ಇನ್ನೂ ಏರುತ್ತದೆ. ಆದ್ದರಿಂದ ಹೆಚ್‌ಎಪ್ರಾಕ್ಸಿಯಲ್ಲಿ (ಸರ್ವರ್ ಮುಂದೆ ನಿಂತು ರಿಕ್ವೆಸ್ಟ್ ಹಂಚುವ ಸಾಫ್ಟ್‌ವೇರ್) ಆ ಸರ್ವರ್‌ನ ಮ್ಯಾಕ್ಸ್‌ಕಾನ್ (ಒಮ್ಮೆಗೆ ಒಳಬಿಡುವ ಸಂಖ್ಯೆ) 30, ಟೈಮೌಟ್ ಕ್ಯೂ (ಪಾಳಿಯಲ್ಲಿ ಕಾಯಿಸುವ ಗರಿಷ್ಠ ಹೊತ್ತು) 5 ಸೆಕೆಂಡ್ ಇಡಿ. ಕಾದು ಸಾಯುವುದಕ್ಕಿಂತ ಬೇಗ 503 (‘ಸರ್ವರ್ ಈಗ ಸಿಗದು’ ಎಂಬ ಕೋಡ್) ಸಿಗುವುದೇ ಮೇಲು.

ಎನ್‌ಜಿನ್‌ಎಕ್ಸ್ ಎಂಬ ವೆಬ್ ಸರ್ವರ್‌ನಲ್ಲಿ ರಿಕ್ವೆಸ್ಟ್ ವೇಗಕ್ಕೆ ಮಿತಿ ಹಾಕುವ ಲಿಮಿಟ್_ರೆಕ್‌ನಲ್ಲಿ ಬಹಳ ಜನ ಎಡವುವುದು ಇಲ್ಲಿ: ಸೆಕೆಂಡಿಗೆ 10 ಎಂದು ಬರೆದರೆ ಅದು 100 ಮಿಲಿಸೆಕೆಂಡಿಗೆ ಒಂದು ಎಂದೇ ಲೆಕ್ಕ ಹಿಡಿಯುತ್ತದೆ. ಒಂದು ಪುಟ ತೆರೆದಾಗ ಒಟ್ಟಿಗೆ ಬರುವ ಆರೇಳು ರಿಕ್ವೆಸ್ಟ್‌ಗಳಲ್ಲಿ ಒಂದಕ್ಕಷ್ಟೇ ದಾರಿ, ಉಳಿದವು ವಾಪಸ್. ಬರ್ಸ್ಟ್ (ಮಿತಿ ಮೀರಿ ಒಟ್ಟಿಗೆ ಬಂದರೂ ಒಪ್ಪುವ ಸಂಖ್ಯೆ) 20, ಜೊತೆಗೆ ನೋ-ಡಿಲೇ (nodelay, ಅವನ್ನು ಕಾಯಿಸದೆ ಒಳಬಿಡುವುದು) ಕೊಡಿ. ಇಲ್ಲದಿದ್ದರೆ ಬಳಸುವವರು ನಿಮ್ಮನ್ನೇ ಬೈಯುತ್ತಾರೆ, ಅವರ ಮಾತಿನಲ್ಲಿ ನ್ಯಾಯವೂ ಇರುತ್ತದೆ. ಮಿತಿಯನ್ನು ಐಪಿ ಮೇಲೆ ಕಟ್ಟಬೇಡಿ. ಮಿಲ್‌ನ ಇಡೀ ಆಫೀಸು ಒಂದೇ ಬ್ರಾಡ್‌ಬ್ಯಾಂಡ್ ಹಿಂದೆ ಕೂತಿರುತ್ತದೆ. ಲಾಗಿನ್ ಅಥವಾ ಎಪಿಐ ಕೀ ಮೇಲೆ ಕಟ್ಟಿ.

ತೂಕದ ಚೀಟಿಗೂ ಲೆಡ್ಜರ್ ರಿಪೋರ್ಟ್‌ಗೂ ಬೇರೆ ಬೇರೆ ಝೋನ್ (ಮಿತಿಯ ಲೆಕ್ಕ ಇಡುವ ಜಾಗ), ಸಾಧ್ಯವಾದರೆ ಬೇರೆ ಪೂಲ್ ಇರಲಿ. ರಿಪೋರ್ಟ್ ಸಂಜೆಗೂ ಬರಬಹುದು, ತೂಕಕ್ಕೆ ಆ ಪುರುಸೊತ್ತಿಲ್ಲ.

ಮಿತಿ ಮೀರಿದ್ದಕ್ಕೆ ಎನ್‌ಜಿನ್‌ಎಕ್ಸ್ ತಾನಾಗಿ 503 ಕೊಡುತ್ತದೆ, ಲಿಮಿಟ್_ರೆಕ್_ಸ್ಟೇಟಸ್‌ನಲ್ಲಿ 429 (‘ರಿಕ್ವೆಸ್ಟ್ ಅತಿಯಾಯಿತು’ ಎಂಬ ಕೋಡ್) ಮಾಡಿ. ವೇಬ್ರಿಡ್ಜ್ ಸಾಫ್ಟ್‌ವೇರ್ 1, 2, 4, 8 ಸೆಕೆಂಡ್ ಬಿಟ್ಟು ಮತ್ತೆ ಯತ್ನಿಸಲಿ, ಪ್ರತಿ ಸಲ ಅದಕ್ಕೆ ಯಾದೃಚ್ಛಿಕವಾಗಿ ಒಂದಿಷ್ಟು ಮಿಲಿಸೆಕೆಂಡ್ ಸೇರಲಿ. ಕರೆಂಟ್ ಹೋಗಿ ಬಂದಾಗ ಎಲ್ಲ ಮಷಿನ್‌ಗಳೂ ಒಂದೇ ಕ್ಷಣಕ್ಕೆ ಬಾಗಿಲು ಬಡಿಯದಿರಲು ಇದೊಂದೇ ಸಾಲುವುದುಂಟು. ಪ್ರತಿ ಚೀಟಿಗೂ ಕಳಿಸುವ ಮಷಿನ್ನೇ ಒಂದು ವಿಶಿಷ್ಟ ನಂಬರ್ ಹಾಕಬೇಕು, ಡೇಟಾಬೇಸ್‌ನಲ್ಲಿ ಅದಕ್ಕೆ ಯೂನಿಕ್ ಇಂಡೆಕ್ಸ್ ಇರಬೇಕು. ಇಲ್ಲವಾದರೆ ಒಂದೇ ಲೋಡ್‌ಗೆ ಎರಡು ತೂಕ ದಾಖಲಾಗಿ ರೈತನ ಪಟ್ಟಿಯೇ ತಪ್ಪುತ್ತದೆ.

ಹೊಸ ಮಿತಿಯನ್ನು ಸುಗ್ಗಿಯ ನಡುವೆ ನೇರ ಹಾಕಬೇಡಿ. ಲಿಮಿಟ್_ರೆಕ್_ಡ್ರೈ_ರನ್ (ಯಾವುದನ್ನೂ ತಡೆಯದೆ ಲಾಗ್‌ನಲ್ಲಿ ಮಾತ್ರ ಬರೆಯುವುದು) ಆನ್ ಮಾಡಿ (ಎನ್‌ಜಿನ್‌ಎಕ್ಸ್ 1.17.1 ಮತ್ತು ನಂತರದವು), ಒಂದು ವಾರ ಎರರ್ ಲಾಗ್ ನೋಡಿ. ತೂಕದ ಚೀಟಿಗಳು ಅದರಲ್ಲಿ ಕಾಣಿಸಿದರೆ ರೇಟ್ ಮುಟ್ಟದೆ ಮೊದಲು ಬರ್ಸ್ಟ್ ಏರಿಸಿ.